ಗ್ಯಾಸ್ ಅಂಡೆ ಎಲ್ಲಿಡೋದು? ಮೊದ್ಲು ಅಲ್ಲಿ ಒಂದು ಕೊಡ ನೀರು ಸುರಿದು ನೋಡಿ

ಪ್ರಶ್ನೆ: ನಮ್ದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಗುಡ್ಡ ಕಡಿದು ಸಮ ಮಾಡಿ ಕಟ್ಟಿದ ಮನೆ. ಹಿಂದಿನ ಶೆಡ್ಡಲ್ಲಿ ನಾನು ನೇಂದ್ರ ಬಾಳೆಕಾಯಿ ಚಿಪ್ಸ್, ಹಲಸಿನ ಹಪ್ಪಳ, ಹೋಳಿಗೆ ಮಾಡಿ ಅಂಗಡಿಗಳಿಗೆ ಕೊಡ್ತೇನೆ. ಇಷ್ಟು ವರ್ಷ ಸೌದೆ ಒಲೆ ಆಯ್ತು, ಈಗ ಗ್ಯಾಸಿಗೆ ಹೋಗುವ ಅಂತ ಉಂಟು. 19 ಕೆಜಿಯ ನಾಲ್ಕು ಕಮರ್ಷಿಯಲ್ ಅಂಡೆ (ಸಿಲಿಂಡರ್) ಒಟ್ಟಿಗೆ ಇಟ್ಟು ಪೈಪ್ ಎಳೆಯುವ ಅಂತ ಫಿಟ್ಟರ್ ಹೇಳಿದ್ದಾನೆ, ಮನೆ ಅಡುಗೆಯದ್ದು ಬೇರೆ ಎರಡು ಉಂಟು. ಎಲ್ಲಿ ಇಡೋದು ಅಂತಲೇ ಮನೆಯಲ್ಲಿ ದಿನಾ ಚರ್ಚೆ. ಕಂಟ್ರಾಕ್ಟರ್ ಮೆಟ್ಲಿನ ಅಡಿಯ ಕೋಣೆ ಖಾಲಿ ಉಂಟಲ್ಲ, ಇನ್ವರ್ಟರ್ ಪಕ್ಕದಲ್ಲೇ ಇಡಿ ಅಂತಾರೆ. ಮಾವನವರು ಹೊರಗೆ ಬಿಸಿಲಿಗೆ ಇಟ್ರೆ ಒಡೀತದೆ, ಒಳಗೇ ಇರ್ಲಿ, ಗ್ಯಾಸು ಮೇಲೆ ಹೋಗುವಂಥದ್ದು, ಮೇಲೊಂದು ಕಿಂಡಿ ಬಿಟ್ರೆ ಸಾಕು ಅಂತಾರೆ. ಪಕ್ಕದ ಮನೆ ಅಣ್ಣ ಹೇಳೋದು ಹೊಂಡ ತೆಗ್ದು ಮುರಕಲ್ಲು (ಕೆಂಪು ಕಲ್ಲು) ಕಟ್ಟಿ ಮೇಲೆ ಸ್ಲ್ಯಾಬ್ ಹಾಕಿ, ಒಡೆದ್ರೂ ಮಣ್ಣೊಳಗೇ ಒಡೀತದೆ ಅಂತ. ಶೆಡ್ಡಿಂದ ಬಾವಿಗೆ 12 ಅಡಿ ಅಷ್ಟೇ, ಕೆಳಗಿನ ತಟ್ಟಲ್ಲಿ ನೀರಿಗೆ ಅಂತ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ ಬೇರೆ ಉಂಟು. ಇದರ ಮೇಲೆ ಯಜಮಾನ್ರಿಗೆ ಜನರೇಟರಿಗೆ ಅಂತ 200 ಲೀಟರಿನ ಬ್ಯಾರೆಲಲ್ಲಿ ಡೀಸೆಲ್ ತಂದಿಡುವ ಪ್ಲಾನ್. ಇದಕ್ಕೆಲ್ಲ ಲೈಸೆನ್ಸ್ ಬೇಕಾ? ನನಗಂತೂ ಗ್ಯಾಸೇ ಬೇಡ ಅಂತ ಅನ್ನಿಸ್ಲಿಕ್ಕೆ ಶುರುವಾಗಿದೆ.

ಉತ್ತರ: ಅಕ್ಕಾ, ಮೂರು ಜನ ಮೂರು ಜಾಗ ಹೇಳಿದ್ದಾರೆ, ಮೂರೂ ಬೇಡ. ಗ್ಯಾಸೇ ಬೇಡ ಅನ್ನುವಷ್ಟು ಹೆದರಿಕೆಯೂ ಬೇಡ. ನಾನು ಈ ಕಡೆ ಹೋಟೆಲು, ಕಲ್ಯಾಣ ಮಂಟಪ, ಬೇಕರಿ ಅಂತ ಗ್ಯಾಸ್ ಲೈನ್ ಹಾಕ್ಲಿಕ್ಕೆ ಶುರು ಮಾಡಿ ಇಪ್ಪತ್ತು ವರ್ಷದ ಮೇಲಾಯ್ತು, ಕೇಳೋರೆಲ್ಲ ಮೊದಲು ಕೇಳೋದು ಯಾವ ಪೈಪು, ಯಾವ ಕಂಪೆನಿ ರೆಗ್ಯುಲೇಟರ್ ಅಂತ, ಜಾಗದ ಬಗ್ಗೆ ಕೇಳೋರು ಕಡಿಮೆ. ನೀವು ಜಾಗದಿಂದಲೇ ಶುರು ಮಾಡಿದ್ದೀರಿ, ಅದು ಸರಿಯಾದ ಕಡೆಯಿಂದಲೇ ಶುರುವಾಯ್ತು ಅಂತ ಲೆಕ್ಕ.

ಮೊದ್ಲು ಮಾವನವರ ಮಾತು. ಅದನ್ನು ನಗಾಡಿ ಬಿಡ್ಬೇಡಿ, ಹಿಂದೆ ಒಂದು ಅನುಭವ ಉಂಟು. ನಮ್ಮ ಕಡೆ ದನ ಇದ್ದ ಎಷ್ಟೋ ಮನೆಯಲ್ಲಿ ಸಿಲಿಂಡರ್ ಬರುವ ಮೊದಲೇ ಗೋಬರ್ ಗ್ಯಾಸ್ ಇತ್ತು. ಅದರಲ್ಲಿ ಉರಿಯೋದು ಮೀಥೇನ್, ಅದು ಗಾಳಿಗಿಂತ ಹಗುರ. ಇಂಗಾಲದ ಡೈಆಕ್ಸೈಡ್ ಬೆರೆತಿರುವ ಕಾರಣ ಗೋಬರ್ ಗ್ಯಾಸ್ ಬಲೂನಿನ ಹಾಗೆ ಹಾರಿ ಹೋಗೋದಿಲ್ಲ, ಆದ್ರೂ ನೆಲ ಹಿಡಿದು ತಂಗುವ ಜಾತಿ ಅಲ್ಲ. ಹಾಗಾಗಿ ಹಿರಿಯರ ತಲೆಯಲ್ಲಿ ಗ್ಯಾಸ್ ಅಂದ್ರೆ ಮೇಲೆ ಹೋಗುವಂಥದ್ದು. 2021ರ ಜನವರಿಯಲ್ಲಿ ಉದ್ಘಾಟನೆ ಆದ ಕೊಚ್ಚಿ–ಮಂಗಳೂರು ಪೈಪ್‌ಲೈನ್ ನಮ್ಮ ಜಿಲ್ಲೆಯಲ್ಲೇ ಹಾದು ಹೋಗ್ತದಲ್ಲ, ಅದರಲ್ಲಿ ಬರುವ ನ್ಯಾಚುರಲ್ ಗ್ಯಾಸೂ ಮೀಥೇನೇ. ಅದಾದ್ರೆ ಮಾವನವರು ಹೇಳಿದ್ದು ಸರಿ, ಕಿಂಡಿ ಮೇಲೆಯೇ ಬೇಕು.

ಅಂಡೆಯಲ್ಲಿ ಇರೋದು ಅದಲ್ಲ. ಎಲ್‌ಪಿಜಿ ಅಂದ್ರೆ ಪ್ರೊಪೇನ್ ಮತ್ತು ಬ್ಯುಟೇನ್, ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಲೀಕ್ ಆದ್ರೆ ನೆಲಕ್ಕೆ ಇಳೀತದೆ, ಇಳಿಜಾರು ಕಂಡಲ್ಲಿಗೆ ಹರೀತದೆ, ತಗ್ಗು ಸಿಕ್ಕಿದಲ್ಲಿ ನಿಲ್ತದೆ. ನೀರಿನ ಹಾಗೇ, ಕಣ್ಣಿಗೆ ಕಾಣೋದಿಲ್ಲ ಅಷ್ಟೇ.

ಅದಕ್ಕೆ ನಾನು ಹೊಸ ಮನೆಗೆ ಹೋದ್ರೆ ಟೇಪ್ ತೆಗೆಯುವ ಮೊದಲು ಒಂದು ಕೊಡ ನೀರು ಕೇಳ್ತೇನೆ. ಅಂಡೆ ಇಡುವ ಜಾಗದಲ್ಲಿ ಸುರಿದು ನಿಂತು ನೋಡೋದು. ಒಂದ್ಸಲ ಎಣ್ಮಕಜೆ ಕಡೆ ಒಬ್ಬರ ಮನೆಯಲ್ಲಿ ಹೀಗೆ ಸುರಿದೆ. ಮನೆಯವರು ಜಾಗ ಚೆಂದ ಮಾಡಿಟ್ಟಿದ್ರು, ಸಿಮೆಂಟ್ ಕಟ್ಟೆ, ಮೇಲೆ ಶೀಟು, ಎಲ್ಲ ಸರಿ ಉಂಟು. ನೀರು ಕಟ್ಟೆ ಇಳೀತು, ಅಂಗಳದ ಅಂಚಿಗೆ ಹೋಯ್ತು, ಅಲ್ಲಿ ಮುರಕಲ್ಲಿನ ಪಾಗಾರದಲ್ಲಿ ಮಳೆ ನೀರು ಹೋಗ್ಲಿಕ್ಕೆ ಅಂತ ಬಿಟ್ಟ ತೂತಿನಲ್ಲಿ ಇಳಿದು ಸೀದಾ ಕೆಳಗಿನ ತಟ್ಟಿನ ಸುರಂಗದ ಬಾಯಿಗೆ. ಮನೆಯವರು ನನ್ನ ಮುಖ ನೋಡಿದ್ರು, ನಾನು ಅವರ ಮುಖ ನೋಡಿದೆ. ಮತ್ತೆ ವಿವರಿಸುವ ಕೆಲಸವೇ ಇರ್ಲಿಲ್ಲ. ಸುರಂಗದೊಳಗೆ ಗ್ಯಾಸ್ ಹೋಗಿ ಕೂತ್ರೆ ಹೊರಗೆ ಬರ್ಲಿಕ್ಕೆ ಅದಕ್ಕೆ ದಾರಿಯೂ ಇಲ್ಲ, ಅವಸರವೂ ಇಲ್ಲ. ಕೆಸರು ತೆಗೀಲಿಕ್ಕೆ ಒಳಗೆ ಹೋದವನಿಗೆ ಬೆಂಕಿ ಹಿಡಿಯುವ ಮೊದಲೇ ಉಸಿರಾಡ್ಲಿಕ್ಕೆ ಗಾಳಿ ಇರೋದಿಲ್ಲ. ಬಾವಿಯೂ ಹಾಗೆಯೇ, ಅದರ ಮೇಲೆ ಪಂಪಿನ ಸ್ಟಾರ್ಟರ್ ಬಾವಿಕಟ್ಟೆ ಪಕ್ಕದಲ್ಲೇ ಇದ್ರೆ ಸ್ವಿಚ್ ಒತ್ತಿದಾಗ ಕಿಡಿಯೂ ರೆಡಿ.

ಇದೇ ವಿಷಯ ದೊಡ್ಡ ಮಟ್ಟದಲ್ಲಿ ನಾವೆಲ್ಲ ನೋಡಿದ್ದೇವೆ. 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲದಲ್ಲಿ ಗ್ಯಾಸ್ ಟ್ಯಾಂಕರ್ ಡಿವೈಡರಿಗೆ ಬಡಿದು ಮಗುಚಿದ್ದು, 20 ಜನ ಹೋದ್ರು. ಲೀಕ್ ಆದ ಗ್ಯಾಸು ಆಚೀಚೆ ಮನೆ ಅಂಗಳಕ್ಕೆಲ್ಲ ನೆಲ ಹಿಡಿದು ಹರಡಿ, ಎಲ್ಲಿಯೋ ಬೆಂಕಿ ಸಿಕ್ಕಿ ಒಟ್ಟಿಗೇ ಹತ್ತಿದ್ದು. ಮರುವರ್ಷ ಉಪ್ಪಿನಂಗಡಿ ಹತ್ರದ ಪೆರ್ನೆಯಲ್ಲೂ ಟ್ಯಾಂಕರ್ ದುರಂತ ಆಯ್ತು. ಟ್ಯಾಂಕರಿಗೂ ನಿಮ್ಮ ಅಂಡೆಗೂ ಹೋಲಿಕೆ ಇಲ್ಲ, ಆದ್ರೆ ಒಳಗಿನ ಗ್ಯಾಸಿನ ಸ್ವಭಾವ ಒಂದೇ.

ಇನ್ನು ಬಿಸಿಲಿಗೆ ಒಡೀತದಾ? ಇಲ್ಲ ಅಕ್ಕ, ನಮ್ಮ ಏಪ್ರಿಲ್ ಬಿಸಿಲಿಗೆ ಒಳ್ಳೆ ಸ್ಥಿತಿಯ ಅಂಡೆ ಒಡೆಯೋದಿಲ್ಲ. ತುಂಬಿಸುವಾಗಲೇ ಐದರಲ್ಲಿ ಒಂದು ಪಾಲಿನಷ್ಟು ಜಾಗ ಖಾಲಿ ಬಿಡ್ತಾರೆ, ಒಳಗಿನ ದ್ರವ ಬಿಸಿಗೆ ಹಿಗ್ಗಿದ್ರೆ ಹಿಡಿಲಿಕ್ಕೆ. ಹಾಗಂತ ಸೀದಾ ಬಿಸಿಲಲ್ಲಿ ಇಡಿ ಅಂತಲೂ ಅಲ್ಲ, ನೆರಳು ಬೇಕು, ಬಿಸಿ ಏರಿದಷ್ಟು ಒಳಗಿನ ಒತ್ತಡ ಏರ್ತದೆ, ವಾಷರ್ ಹೋಸುಗಳ ಮೇಲೆ ಅಷ್ಟು ಭಾರ. ಅಂಡೆ ನಿಜಕ್ಕೂ ಸಿಡಿಯೋದು ಬೆಂಕಿಯ ನಡುವೆ ಸಿಕ್ಕಿ ಹಾಕಿಕೊಂಡಾಗ, ಒಳಗಿನ ದ್ರವ ಕುದ್ದು ಹೊರಗಿನ ಕಬ್ಬಿಣ ಮೆತ್ತಗಾಗಿ. ಪೇಪರಲ್ಲಿ ಸಿಲಿಂಡರ್ ಸ್ಫೋಟ ಅಂತ ಬರ್ತದಲ್ಲ, ನಾನು ಹೋಗಿ ನೋಡಿದ ಕಡೆಯಲ್ಲೆಲ್ಲ ಅಂಡೆ ಇಡೀ ಇತ್ತು, ಒಡೆದದ್ದು ಗೋಡೆ. ಅಂದ್ರೆ ಮುಚ್ಚಿದ ಕೋಣೆಯಲ್ಲಿ ಲೀಕ್ ಆಗಿ ತುಂಬಿದ ಗ್ಯಾಸಿಗೆ ಕಿಡಿ ಹತ್ತಿದ್ದು.

ಎಷ್ಟು ಗ್ಯಾಸ್ ಬೇಕು ಇದಕ್ಕೆ ಅಂದ್ರೆ ಆಶ್ಚರ್ಯ ಆಗ್ತದೆ. ಗಾಳಿಯಲ್ಲಿ ಸುಮಾರು 2 ಶೇಕಡಾ ಬೆರೆತ್ರೆ ಸಾಕು, ಹತ್ತಿಕೊಳ್ತದೆ. ಹತ್ತು ಅಡಿ ಉದ್ದ ಹತ್ತು ಅಡಿ ಅಗಲ ಹತ್ತು ಅಡಿ ಎತ್ತರದ ಕೋಣೆಗೆ ಲೆಕ್ಕ ಹಾಕಿದ್ರೆ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ, ಅದೂ ಕೋಣೆ ಪೂರ್ತಿ ಸಮವಾಗಿ ಬೆರೆತ್ರೆ. ನೆಲದ ಮೇಲೆ ಮೊಣಕಾಲಿನವರೆಗೆ ಮಾತ್ರ ನಿಂತ್ರೆ ಅದಕ್ಕಿಂತ ಎಷ್ಟೋ ಕಡಿಮೆ. ಅಂಡೆಯಲ್ಲಿ ಇರೋದು 19 ಕೆಜಿ.

ಈಗ ಕಂಟ್ರಾಕ್ಟರ್ ಹೇಳಿದ ಮೆಟ್ಲಿನ ಅಡಿಯ ಕೋಣೆ ನೋಡುವ. ಮೂರು ಕಡೆ ಗೋಡೆ, ಒಂದು ಬಾಗಿಲು, ಅದನ್ನೂ ಬೆಕ್ಕು ಹೋಗ್ತದೆ ಅಂತ ಮುಚ್ಚಿಯೇ ಇಡ್ತಾರೆ. ಪಕ್ಕದಲ್ಲಿ ಇನ್ವರ್ಟರ್. ನಮ್ಮಲ್ಲಿ ಗುಡುಗು ಶುರುವಾದ್ರೆ ಕರೆಂಟ್ ಎಷ್ಟು ಸಲ ಹೋಗಿ ಬರ್ತದೆ ಅಂತ ಹೇಳ್ಬೇಕಾ, ಪ್ರತಿ ಸಲ ಇನ್ವರ್ಟರ್ ಒಳಗೆ ರಿಲೇ ಟಕ್ ಅಂತ ಬೀಳ್ತದೆ, ಆ ಟಕ್ ಅಂದ್ರೆ ಕಿಡಿ. ಗ್ಯಾಸ್ ವಾಸನೆ ಬಂದ್ರೆ ಸ್ವಿಚ್ ಮುಟ್ಬೇಡಿ ಅಂತ ಎಲ್ಲರಿಗೂ ಗೊತ್ತು, ಆದ್ರೆ ಇನ್ವರ್ಟರಿಗೆ ಯಾರ ಕೈಯೂ ಬೇಕಾಗಿಲ್ಲ, ಅದೇ ಸ್ವಿಚ್ ಹಾಕಿಕೊಳ್ತದೆ, ನಡುರಾತ್ರಿ ಎಲ್ಲರೂ ಮಲಗಿದ ಮೇಲೆ. ಅದರ ಮೇಲೆ ಅದು ಮೆಟ್ಲಿನ ಅಡಿ, ಏನಾದ್ರೂ ಆದ್ರೆ ಮೇಲೆ ಮಲಗಿದವರಿಗೆ ಇಳಿದು ಬರ್ಲಿಕ್ಕೆ ಇರುವ ದಾರಿಯೇ ಅದು. ಕಂಟ್ರಾಕ್ಟರಿಗೆ ಖಾಲಿ ಕೋಣೆ ಕಂಡಿದೆ ಅಷ್ಟೇ.

ಪಕ್ಕದ ಮನೆ ಅಣ್ಣನ ಹೊಂಡ ಅದಕ್ಕಿಂತಲೂ ಕೆಟ್ಟದ್ದು. ಮಣ್ಣಡಿ ಹುಗಿಯುವ ಗ್ಯಾಸ್ ಟ್ಯಾಂಕ್ ಅಂತ ಒಂದು ಉಂಟು, ಸುಳ್ಳಲ್ಲ, ಅದು ಅದಕ್ಕೇ ಅಂತ ಮಾಡಿದ ಟ್ಯಾಂಕು, ತುಕ್ಕು ಹಿಡಿಯದ ಹಾಗೆ ಕೋಟಿಂಗ್, ಸುತ್ತ ಮರಳು, ಅದಕ್ಕೆ ಬೇರೆಯೇ ಕಾನೂನು. ನಿಮ್ಮ ಅಂಡೆಗಳನ್ನು ಹೊಂಡಕ್ಕೆ ಇಳಿಸಿದ್ರೆ ಲೀಕ್ ಆದ ಗ್ಯಾಸಿಗೆ ಒಂದು ಟ್ಯಾಂಕ್ ಕಟ್ಟಿ ಕೊಟ್ಟ ಹಾಗೆ ಆಯ್ತು, ಮೇಲೆ ಸ್ಲ್ಯಾಬ್ ಮುಚ್ಚಳ ಬೇರೆ. ಮುರಕಲ್ಲು ನೋಡ್ಲಿಕ್ಕೆ ಗಟ್ಟಿ, ಒಳಗೆಲ್ಲ ತೂತು, ಅದಕ್ಕೇ ಅಲ್ವಾ ನಮ್ಮಲ್ಲಿ ಸುರಂಗದಲ್ಲಿ ನೀರು ಒಸರೋದು. ಜೂನಲ್ಲಿ ಆ ಹೊಂಡದಲ್ಲಿ ನೀರು ನಿಂತು ಅಂಡೆಯ ಅಡಿ ತುಕ್ಕು ಹಿಡಿಯೋದು ಇನ್ನೊಂದು ಕಥೆ. ಅಂಡೆ ನೆಲಮಟ್ಟಕ್ಕಿಂತ ಕೆಳಗೆ ಯಾವತ್ತೂ ಬೇಡ, ಇದಕ್ಕೆ ಆದ್ರೆ-ಹೋದ್ರೆ ಇಲ್ಲ.

ಹಾಗಾದ್ರೆ ಎಲ್ಲಿ? ಹೊರಗೆ, ನೆಲದ ಮೇಲೆ, ಗಾಳಿ ಆಡುವಲ್ಲಿ. ನಿಮ್ಮ ಶೆಡ್ಡಿನ ನಾಲ್ಕು ಬದಿಯಲ್ಲಿ ಬಾವಿ ಇರುವ ಬದಿ ಮೊದಲೇ ಬಿಟ್ಟುಬಿಡಿ. ಹಿಂದಿನ ಬದಿ, ಅಂದ್ರೆ ಗುಡ್ಡ ಕಡಿದ ಬರೆ ಇರುವ ಕಡೆ, ಅದನ್ನೂ ಬಿಡಿ. ಬರೆಗೂ ಗೋಡೆಗೂ ಮಧ್ಯೆ ಇರುವ ಓಣಿ ಒಂದು ಚರಂಡಿಯೇ, ಗಾಳಿ ಆಡೋದಿಲ್ಲ, ಮಳೆಗೆ ಬರೆ ಕುಸಿದ್ರೆ ಅಂಡೆಗಳೆಲ್ಲ ಮಣ್ಣಡಿ. ಉಳಿದ ಎರಡು ಬದಿಯಲ್ಲಿ ಕೊಡ ಹಿಡ್ಕೊಂಡು ಹೋಗಿ. ನೀರು ಬಾವಿ ಕಡೆ, ಸುರಂಗದ ಕಡೆ, ಮನೆ ಬಾಗಿಲ ಕಡೆ, ಬಚ್ಚಲಿನ ನೀರು ಹೋಗುವ ಕಣಿ ಕಡೆ ಹೋಗದೆ ತೋಟದ ಕಡೆ ಹರಡಿ ಹೋಗ್ತದಾ ನೋಡಿ. ಬಾವಿ, ಕಣಿ, ತಗ್ಗಿನ ಕಿಟಿಕಿ ಬಾಗಿಲು ಇಂಥದ್ದರಿಂದ ನಾನು ಮೂರು ಮೀಟರಿಗೆ ಕಡಿಮೆ ಇಡೋದಿಲ್ಲ. ನಿಮ್ಮ ಬಾವಿ 12 ಅಡಿ, ಅಂದ್ರೆ ಮೂರುವರೆ ಮೀಟರ್ ಚಿಲ್ಲರೆ, ಅಳತೆಗೆ ಪಾಸಾಗ್ತದೆ, ಆದ್ರೆ ಇಳಿಜಾರು ಬಾವಿ ಕಡೆಗೇ ಇದ್ರೆ ಆ ಅಳತೆಗೆ ಅರ್ಥ ಇಲ್ಲ.

ಜಾಗ ಸಿಕ್ಕಿದ್ರೆ ಮತ್ತೆ ಕೆಲಸ ಸುಲಭ. ನೆಲದಿಂದ ಆರು ಇಂಚು ಎತ್ತರದ ಕಾಂಕ್ರೀಟ್ ಕಟ್ಟೆ, ಮಳೆ ನೀರು ಅಂಡೆಯ ಅಡಿಗೆ ಬಾರದ ಹಾಗೆ. ಸುತ್ತ ಕಬ್ಬಿಣದ ಬಲೆಯ ಗೂಡು, ಬೀಗ ಹಾಕುವಂಥದ್ದು, ಗೋಡೆ ಕಟ್ಬೇಡಿ. ಮೇಲೆ ಶೀಟು ಹಾಕಿ, ತೆಂಗಿನ ಮಡಲು ಹೊದಿಸ್ಬೇಡಿ. ಮೇಲೆ ನೋಡುವಾಗ ತೆಂಗಿನ ಮರವನ್ನೂ ನೋಡಿ, ನಗಾಡ್ಬೇಡಿ, ರೆಗ್ಯುಲೇಟರಿನ ಮೇಲೆ ತೆಂಗಿನಕಾಯಿ ಬಿದ್ದು ಮುರಿದ ಕೇಸು ನಾನೇ ಎರಡು ರಿಪೇರಿ ಮಾಡಿದ್ದೇನೆ. ಪಕ್ಕದಲ್ಲಿ ಅಡಿಕೆ ಸಿಪ್ಪೆ ರಾಶಿ, ಒಣ ಸೌದೆ, ತರಗೆಲೆ ಯಾವುದೂ ಬೇಡ. ಸೌದೆ ಒಲೆಯನ್ನು ನೀವು ಪೂರ್ತಿ ಬಿಡೋದಿಲ್ಲ ಅಂತ ನನಗೆ ಗೊತ್ತು, ಕಾಯಿಸುವ ಹಂಡೆಗೆ ಅದೇ ಇರ್ತದೆ, ಆ ಒಲೆಯ ಬಾಯಿ ಗೂಡಿನ ಕಡೆ ತಿರುಗಿರಬಾರದು.

ಅಂಡೆಗಳು ಯಾವಾಗಲೂ ನೆಟ್ಟಗೆ ನಿಂತಿರ್ಬೇಕು. ಗ್ಯಾಸ್ ಮುಗೀತಾ ಬಂದಾಗ ಮಲಗಿಸೋದು, ಬಿಸಿನೀರಿನ ಬಕೆಟಲ್ಲಿ ಇಡೋದು, ಇದನ್ನು ನಾನು ದೊಡ್ಡ ದೊಡ್ಡ ಅಡುಗೆಯವರ ಹತ್ರವೂ ನೋಡಿದ್ದೇನೆ. ಮಲಗಿಸಿದ್ರೆ ದ್ರವವೇ ಸೀದಾ ರೆಗ್ಯುಲೇಟರಿಗೆ ಬರ್ತದೆ, ಆ ದ್ರವ ಗ್ಯಾಸ್ ಆಗುವಾಗ ಸುಮಾರು 250 ಪಟ್ಟು ಹಿಗ್ಗುವಂಥದ್ದು, ಬರ್ನರಲ್ಲಿ ಜ್ವಾಲೆ ಆಳೆತ್ತರ ಏಳ್ತದೆ. ಅವರು ಹಾಗೆ ಮಾಡೋದು ಯಾಕೆ ಅಂದ್ರೆ, ದೊಡ್ಡ ಬರ್ನರ್ ಎರಡು ಒಟ್ಟಿಗೆ ಉರಿಸಿದಾಗ ಒಂದೇ ಅಂಡೆಗೆ ಉಸಿರು ಕಟ್ತದೆ. ಒಳಗಿನ ದ್ರವ ಗ್ಯಾಸ್ ಆಗ್ಲಿಕ್ಕೆ ಬಿಸಿ ಬೇಕು, ಅದು ಸುತ್ತಲಿನ ಗಾಳಿಯಿಂದಲೇ ಬರ್ಬೇಕು, ಎಳೆತ ಜಾಸ್ತಿ ಆದ್ರೆ ಅಂಡೆ ತಣ್ಣಗಾಗಿ ಹೊರಗೆ ಬಿಳಿ ಮಂಜು ಹಿಡೀತದೆ, ಬೆಂಕಿ ಸಣ್ಣ ಆಗ್ತದೆ, ಒಳಗೆ ಗ್ಯಾಸ್ ಇದ್ರೂ ಮುಗೀತು ಅಂತ ಕಾಣ್ತದೆ. ಒಂದು ಅಂಡೆಯಿಂದ ಗಂಟೆಗೆ ಅರ್ಧ ಕೆಜಿ ಅಂತ ನಾವು ಲೆಕ್ಕ ಇಡೋದು. ಅಂಡೆಗಳನ್ನು ಜೋಡಿಸೋದು ಅದಕ್ಕೇ, ತಂದು ದಾಸ್ತಾನು ಇಡ್ಲಿಕ್ಕೆ ಅಲ್ಲ.

ಇಲ್ಲಿಗೆ ನಿಮ್ಮ ಲೈಸೆನ್ಸಿನ ಪ್ರಶ್ನೆ ಬರ್ತದೆ. 2016ರ ಗ್ಯಾಸ್ ಸಿಲಿಂಡರ್ ನಿಯಮ ಪ್ರಕಾರ ಎಲ್‌ಪಿಜಿ ಒಟ್ಟು 100 ಕೆಜಿಯವರೆಗೆ ಇಟ್ರೆ ಲೈಸೆನ್ಸ್ ಬೇಡ. ನಿಮ್ಮ ಫಿಟ್ಟರ್ ನಾಲ್ಕು 19 ಅಂದ್ರೆ 76 ಅಂತ ಲೆಕ್ಕ ಹಾಕಿ ನಿಶ್ಚಿಂತೆಯಲ್ಲಿ ಇರ್ಬಹುದು. ಆದ್ರೆ ಅದೇ ಜಾಗದಲ್ಲಿ ಮನೆಯ ಎರಡು 14.2 ಉಂಟಲ್ಲ, ಅದು 28.4. ಕೂಡಿಸಿ, 104.4. ನಾಲ್ಕು ಕೆಜಿ ಚಿಲ್ಲರೆಗೆ ನೀವು ಗೆರೆ ದಾಟಿದ್ರಿ. ಖಾಲಿ ಅಂಡೆಯನ್ನೂ ತುಂಬಿದ್ದು ಅಂತಲೇ ನಾನು ಲೆಕ್ಕಕ್ಕೆ ಹಿಡಿಯೋದು, ಖಾಲಿ ಅಂದ ಅಂಡೆಯಲ್ಲೂ ಗ್ಯಾಸ್ ಉಳಿದಿರ್ತದೆ. ಆದ ಕಾರಣ ನನ್ನ ಸಲಹೆ ನಾಲ್ಕು ಬೇಡ, ಮೂರು ಸಾಕು, ಎರಡು ಪೈಪಿಗೆ ಜೋಡಿಸಿ, ಒಂದು ಬದಲಿಗೆ ಅಂತ ಪಕ್ಕದಲ್ಲಿ ಇರ್ಲಿ. ಒಟ್ಟು 85.4 ಕೆಜಿ ಆಗ್ತದೆ. ದಿನಕ್ಕೆ ಮೂರ್ನಾಲ್ಕು ಗಂಟೆ ಎಣ್ಣೆ ಕಾಯಿಸುವ ಕೆಲಸಕ್ಕೆ ಧಾರಾಳ. ಓಣಂ, ದೀಪಾವಳಿ ಆರ್ಡರಿನ ಸಮಯ ಜಾಸ್ತಿ ಬೇಕಾದ್ರೆ ಬೇಗ ಬೇಗ ತರಿಸಿಕೊಳ್ಳಿ, ತಂದು ಗುಡ್ಡೆ ಹಾಕ್ಬೇಡಿ. ಮತ್ತೆ ಮನೆಯ 14.2ರ ಅಂಡೆಯನ್ನು ಚಿಪ್ಸಿನ ಒಲೆಗೆ ಸಿಕ್ಕಿಸೋದು ಅಪರಾಧ, ಅರ್ಜೆಂಟಿಗೆ ಒಂದು ದಿನ ಅಂತಲೂ ಬೇಡ.

ಪೈಪಿನ ವಿಷಯದಲ್ಲಿ ಫಿಟ್ಟರ್ ಹತ್ರ ಜಗಳ ಮಾಡ್ಬೇಕಾದ ಜಾಗ ಎರಡೇ. ಒಂದು, ಒತ್ತಡ ಇಳಿಸುವ ರೆಗ್ಯುಲೇಟರ್ ಹೊರಗೆ ಗೂಡಿನಲ್ಲೇ ಇರ್ಬೇಕು, ಒಳಗೆ ಬರೋದು ಇಳಿದ ಒತ್ತಡದ ಗ್ಯಾಸ್ ಮಾತ್ರ. ಎರಡು, ತಾಮ್ರದ ಪೈಪು ಗೋಡೆಯ ಮೇಲೆ ಕಾಣುವ ಹಾಗೆ ಬರ್ಬೇಕು, ಚೆಂದ ಕಾಣ್ತದೆ ಅಂತ ಪ್ಲಾಸ್ಟರ್ ಒಳಗೆ ಹುಗಿದ್ರೆ ಲೀಕ್ ಹುಡುಕ್ಲಿಕ್ಕೆ ಗೋಡೆ ಒಡೀಬೇಕು. ಗೋಡೆ ದಾಟುವಲ್ಲಿ ಹೊರಗೊಂದು ದೊಡ್ಡ ಪೈಪಿನ ತುಂಡು ತೊಡಿಸಿ ಒಳಗಿಂದ ತಾಮ್ರ ದಾಟಿಸ್ಬೇಕು. ಶೆಡ್ಡಿನ ಬಾಗಿಲ ಹತ್ರ ಕೈಗೆ ಸಿಗುವಲ್ಲಿ ಒಂದು ವಾಲ್ವ್, ಎಣ್ಣೆ ಬಾಣಲೆಗೆ ಬೆಂಕಿ ಹಿಡಿದಾಗ ಅದನ್ನು ದಾಟಿ ಹೋಗಿ ಬಂದ್ ಮಾಡುವ ಹಾಗೆ ಇದ್ರೆ ಆ ವಾಲ್ವ್ ಇದ್ದೂ ಇಲ್ಲದ್ದೇ. ಕೆಲಸ ಮುಗಿದ ಮೇಲೆ ಗಾಳಿ ತುಂಬಿಸಿ ಗೇಜ್ ಹಾಕಿ ನಿಲ್ಲಿಸಿ ತೋರಿಸ್ಲಿಕ್ಕೆ ಹೇಳಿ, ಮುಳ್ಳು ಇಳೀಬಾರದು. ಗ್ಯಾಸ್ ಬಿಟ್ಟೇ ಟೆಸ್ಟ್ ಮಾಡುವ ಅಂತ ಲೈಟರ್ ತೆಗೆದ್ರೆ ಆ ಫಿಟ್ಟರಿಗೆ ಚಾ ಕೊಟ್ಟು ಕಳಿಸಿ.

ಮನೆಯ ಒಳಗಿನ ಅಂಡೆಯೂ ಹೊರಗೆ ಬಂದ್ರೆ ಒಳ್ಳೆದು, ಆದ್ರೆ ಬೇರೆ ಲೈನು, ಕಮರ್ಷಿಯಲ್ ಜೊತೆ ಸೇರಿಸುವ ಹಾಗಿಲ್ಲ. ಒಳಗೇ ಇರ್ತದೆ ಅಂದ್ರೆ ಒಂದೇ ಇರ್ಲಿ, ಒಲೆ ಅಂಡೆಗಿಂತ ಎತ್ತರದಲ್ಲಿ, ಕಟ್ಟೆಯ ಅಡಿ ಬಾಗಿಲಿಟ್ಟು ಮುಚ್ಬೇಡಿ, ನೆಲಕ್ಕೆ ತಾಗಿ ಹೊರಗೋಡೆಯಲ್ಲಿ ಒಂದು ಜಾಲಿ ಬಿಡಿಸಿ. ಇಲ್ಲಿ ನಿಮ್ಮಂಥ ಗುಡ್ಡ ಕಡಿದ ಮನೆಗಳಲ್ಲಿ ಒಂದು ಎಡವಟ್ಟು ಆಗ್ತದೆ. ಅಡುಗೆಮನೆ ಹಿಂಬದಿಯಲ್ಲಿ ಇರ್ತದೆ, ಹಿಂಬದಿಯ ನೆಲ ಒಳಗಿನ ನೆಲಕ್ಕಿಂತ ಎತ್ತರ, ಅಲ್ಲಿ ಜಾಲಿ ಬಿಟ್ರೆ ಗ್ಯಾಸ್ ಹೋಗೋದು ಬಿಡಿ, ಮಳೆ ನೀರು ಒಳಗೆ ಬರ್ತದೆ. ಹೊರಗಿನ ನೆಲ ತಗ್ಗು ಇರುವ ಗೋಡೆಯಲ್ಲೇ ಬಿಡ್ಬೇಕು. ಬಚ್ಚಲಿಗೆ ಗ್ಯಾಸ್ ಗೀಸರ್ ಹಾಕುವ ಯೋಚನೆ ಇದ್ರೆ ಒಂದೇ ಮಾತು, ಬಚ್ಚಲಿನ ಒಳಗೆ ಬೇಡ, ಹೊರಗೋಡೆಯಲ್ಲಿ ಹಾಕಿ ಬಿಸಿನೀರು ಮಾತ್ರ ಒಳಗೆ ತನ್ನಿ. ಮುಚ್ಚಿದ ಬಚ್ಚಲಲ್ಲಿ ಅದು ಉರಿದು ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ, ಮೀಯುತ್ತಾ ಇದ್ದವರು ಬಾಗಿಲು ತೆಗೆಯೋದೇ ಇಲ್ಲ.

ದಿನದ ಕೆಲಸದಲ್ಲಿ ಲೀಕ್ ಎಲ್ಲಿ ಆಗ್ತದೆ? ಹೆಚ್ಚಾಗಿ ಅಂಡೆ ಬದಲಿಸುವಲ್ಲಿ. ಮನೆ ಅಂಡೆಯ ವಾಲ್ವಿನ ಬಾಯೊಳಗೆ ಕಡ್ಲೆ ಗಾತ್ರದ ಒಂದು ಕಪ್ಪು ರಬ್ಬರ್ ಬಳೆ ಇರ್ತದೆ, ಅದು ಹರಿದ್ರೆ ಅಥವಾ ಇಲ್ಲದೇ ಇದ್ರೆ ರೆಗ್ಯುಲೇಟರ್ ಕೂತ್ರೂ ಸುತ್ತಲಿಂದ ಗ್ಯಾಸ್ ಬರ್ತದೆ. ಅಂಡೆ ತಂದ ಹುಡುಗ ಹೋಗುವ ಮೊದಲು ಕ್ಯಾಪ್ ತೆಗೆದು ವಾಲ್ವಿನ ಬಾಯಿಗೆ ಎರಡು ಹನಿ ನೀರು ಬಿಡಿ. ಗುಳ್ಳೆ ಬಂದ್ರೆ ವಾಪಸ್ ಕೊಡಿ. ಜೋಡಿಸಿದ ಮೇಲೆ ಪಾತ್ರೆ ಸಾಬೂನಿನ ನೊರೆಯನ್ನು ಬ್ರಶ್ಶಲ್ಲಿ ಜಾಯಿಂಟಿಗೆಲ್ಲ ಹಚ್ಚಿ ನೋಡಿ, ಲೀಕ್ ಇದ್ರೆ ನೊರೆ ಒಂದೇ ಜಾಗದಲ್ಲಿ ಉಬ್ಬಿ ಒಡೀತಾ ಇರ್ತದೆ. ಅಂಡೆಯ ಹಿಡಿಯ ಒಳಬದಿ ಪಟ್ಟಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕೆ ಬರೆದಿರ್ತದೆ, ಎ ಅಂದ್ರೆ ಜನವರಿಯಿಂದ ಮಾರ್ಚ್, ಬಿ ಜೂನ್ ತನಕ, ಸಿ ಸೆಪ್ಟೆಂಬರ್ ತನಕ, ಡಿ ಡಿಸೆಂಬರ್ ತನಕ, ಅಂಕೆ ವರ್ಷದ್ದು. ಅದು ಮುಂದಿನ ಪರೀಕ್ಷೆಯ ತಾರೀಕು, ದಾಟಿದ್ರೆ ಆ ಅಂಡೆ ಬೇಡ. ಕಿತ್ತಳೆ ಬಣ್ಣದ ಸುರಕ್ಷಾ ಹೋಸ್ ಐದು ವರ್ಷಕ್ಕೆ ಬದಲಿಸುವಂಥದ್ದು, ನೋಡ್ಲಿಕ್ಕೆ ಹೊಸತೇ ಇದ್ರೂ. ಏಜೆನ್ಸಿಯವರು ಕೊಡುವ ಸೇಫ್ಟಿ ಚೀಟಿ ಮಲೆಯಾಳದಲ್ಲಿ ಬಂದ್ರೆ ಓದಿ ಹೇಳುವವರ ಹತ್ರ ಓದಿಸಿ ಗೋಡೆಯಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿ, ಶೆಡ್ಡಲ್ಲಿ ಕೆಲಸ ಮಾಡುವ ಹೆಂಗಸರಿಗೆ ಅದು ಬೇಕು.

ವಾಸನೆಯನ್ನು ನಂಬಿ, ಪೂರ್ತಿ ನಂಬ್ಬೇಡಿ. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ, ಗೊತ್ತಾಗ್ಲಿ ಅಂತಲೇ ಮರ್ಕಾಪ್ಟನ್ ಎನ್ನುವ ನಾತದ ವಸ್ತು ಸೇರಿಸ್ತಾರೆ. ನೆಗಡಿ ಇದ್ದವರಿಗೆ ಬರೋದಿಲ್ಲ, ಅದರಲ್ಲೇ ಇದ್ದವರಿಗೆ ಸ್ವಲ್ಪ ಹೊತ್ತಲ್ಲಿ ಮೂಗು ಒಗ್ಗಿ ಹೋಗ್ತದೆ. ವಾಸನೆ ಬಂದ್ರೆ ಫ್ಯಾನ್ ಹಾಕೋದು ಬೇಡ, ಲೈಟ್ ಆಫ್ ಮಾಡೋದೂ ಬೇಡ, ಅಂಡೆಯ ವಾಲ್ವ್ ಬಂದ್ ಮಾಡಿ ಬಾಗಿಲು ಕಿಟಿಕಿ ತೆಗೆದು ಎಲ್ಲರೂ ಎತ್ತರದ ಕಡೆ ಹೊರಗೆ, ದೂರ ಹೋದ ಮೇಲೆ 1906ಕ್ಕೆ ಫೋನು. ಇನ್ನೊಂದು, ಇದು ಕೇಳ್ಲಿಕ್ಕೆ ತಲೆಕೆಳಗು ಅನ್ನಿಸ್ಬಹುದು: ಅಂಡೆಯ ಬಾಯಲ್ಲಿ ಬೆಂಕಿ ಉರೀತಾ ಇದ್ದು ವಾಲ್ವ್ ತಿರುಗಿಸ್ಲಿಕ್ಕೆ ಕೈ ಹೋಗೋದಿಲ್ಲ ಅಂತಾದ್ರೆ ಬರೇ ಬೆಂಕಿ ನಂದಿಸ್ಲಿಕ್ಕೆ ಹೋಗ್ಬೇಡಿ. ಬೆಂಕಿ ನಂದಿ ಗ್ಯಾಸ್ ಮಾತ್ರ ಬರ್ತಾ ಇದ್ರೆ ಅದು ಹರಡಿ ಬೇರೆ ಕಡೆ ಹತ್ತಿಕೊಂಡು ದೊಡ್ಡದಾಗ್ತದೆ. ಜನರನ್ನು ದೂರ ಕಳಿಸಿ ಫೈರ್ ಫೋರ್ಸಿಗೆ ಬಿಡಿ, ಅವರು ದೂರದಿಂದ ನೀರು ಬಿಟ್ಟು ಅಂಡೆ ತಣ್ಣಗೆ ಇಡ್ತಾರೆ.

ಇನ್ನು ಡೀಸೆಲ್. ಇದರಲ್ಲಿ ಯಜಮಾನ್ರ ಪಕ್ಷದಲ್ಲಿ ಕಾನೂನು ಉಂಟು. ಕಾನೂನಿನ ಲೆಕ್ಕದಲ್ಲಿ ಡೀಸೆಲ್ ಕ್ಲಾಸ್ ಬಿ, ಅಂದ್ರೆ ಪೆಟ್ರೋಲಿಗಿಂತ ನಿಧಾನಕ್ಕೆ ಹತ್ತುವ ಗುಂಪು, ಒಟ್ಟು 2500 ಲೀಟರಿನವರೆಗೆ, ಒಂದೇ ಪಾತ್ರೆ 1000 ಲೀಟರ್ ದಾಟದೆ ಇದ್ರೆ ಲೈಸೆನ್ಸ್ ಬೇಡ. ಒಂದು ಬ್ಯಾರೆಲ್ ಅದರ ಹತ್ತಿರವೂ ಇಲ್ಲ. ಪೆಟ್ರೋಲ್ ಆದ್ರೆ ಬೇರೆ ಕಥೆ, ಅದು ಮನೆಬಳಕೆಗೆ 30 ಲೀಟರಿಗೇ ಮುಗೀತು. ಡೀಸೆಲ್ ಪೆಟ್ರೋಲಿನ ಹಾಗೆ ಥಟ್ಟಂತ ಹತ್ತಿಕೊಳ್ಳೋದೂ ಇಲ್ಲ. ನನಗೆ ಹೆದರಿಕೆ ಬೆಂಕಿದ್ದಲ್ಲ, ನಿಮ್ಮ ಬಾವಿದ್ದು. ಬ್ಯಾರೆಲಿನ ಅಡಿ ತುಕ್ಕು ಹಿಡಿದು ದಿನಕ್ಕೆ ಒಂದು ಲೋಟ ಜಿನುಗಿದ್ರೆ ಯಾರಿಗೂ ಗೊತ್ತಾಗೋದಿಲ್ಲ, ಮುರಕಲ್ಲು ಅದನ್ನು ಕುಡಿದು ಬಾವಿಗೂ ಸುರಂಗಕ್ಕೂ ಕೊಡ್ತದೆ. ಆ ವಾಸನೆ ಒಮ್ಮೆ ನೀರಿಗೆ ಬಂತು ಅಂದ್ರೆ ಬಾವಿ ಎಷ್ಟು ಸಲ ಬತ್ತಿಸಿ ತೊಳೆದ್ರೂ ಮುಂದಿನ ಮಳೆಗೆ ಮಣ್ಣಿಂದ ಪುನಃ ಬರ್ತದೆ. ಚಿಪ್ಸ್ ವ್ಯಾಪಾರವೂ ಅಲ್ಲಿಗೆ ಮುಗೀತು.

ಅದಕ್ಕೆ ಬ್ಯಾರೆಲ್ ಸೀದಾ ನೆಲದ ಮೇಲೆ ಬೇಡ. ಬಾವಿಗಿಂತ ತಗ್ಗಿನ ಬದಿಯಲ್ಲಿ, ಅಂಡೆಯ ಗೂಡಿಂದಲೂ ಜನರೇಟರಿನ ಸೈಲೆನ್ಸರಿಂದಲೂ ದೂರ, ಸಿಮೆಂಟಿನ ತೊಟ್ಟಿ ಕಟ್ಟಿ ಅದರೊಳಗೆ ಎರಡು ಕಲ್ಲಿನ ಮೇಲೆ ಇಡಿ, ಅಡಿ ನೋಡ್ಲಿಕ್ಕೆ ಆಗ್ಬೇಕು. ತೊಟ್ಟಿ ಬ್ಯಾರೆಲಿನ ಪೂರ್ತಿ ಡೀಸೆಲ್ ಹಿಡಿದು ಮೇಲೆ ಸ್ವಲ್ಪ ಉಳಿಯುವಷ್ಟು ಇರ್ಲಿ, 220 ಲೀಟರ್ ಅಂತ ಲೆಕ್ಕ ಇಡಿ. ಮೇಲೆ ಮಾಡು ಇಲ್ಲದಿದ್ರೆ ನಮ್ಮ ಮಳೆಗೆ ಆ ತೊಟ್ಟಿ ಒಂದೇ ವಾರದಲ್ಲಿ ತುಂಬಿ ಪ್ರಯೋಜನಕ್ಕೆ ಬಾರದ ಹಾಗೆ ಆಗ್ತದೆ. ತುಕ್ಕು ಹಿಡಿಯೋದಿಲ್ಲ ಅಂತ ಸತು ಲೇಪದ ಜಿಐ ಟ್ಯಾಂಕ್ ಕೊಡ್ಲಿಕ್ಕೆ ಬಂದ್ರೆ ತಗೊಳ್ಬೇಡಿ, ಡೀಸೆಲಿಗೂ ಸತುವಿಗೂ ಆಗೋದಿಲ್ಲ, ಇಂಜೆಕ್ಟರ್ ಹಾಳು. ಮಳೆಗಾಲದಲ್ಲಿ ಅರ್ಧ ಖಾಲಿ ಬ್ಯಾರೆಲಿನ ಒಳಗೆ ಬೆವರಿ ನೀರು ಕೂಡ್ತದೆ, ಆ ನೀರಲ್ಲಿ ಲೋಳೆ ಬೆಳೀತದೆ. ನಿಜ ಹೇಳ್ಬೇಕಾದ್ರೆ ನಿಮ್ಮ ಸಣ್ಣ ಜನರೇಟರಿಗೆ 200 ಲೀಟರ್ ಯಾಕೆ ಅಂತಲೇ ನನ್ನ ಪ್ರಶ್ನೆ, 20 ಲೀಟರಿನ ಎರಡು ಕ್ಯಾನ್ ಸಾಲದಾ? ಅದನ್ನು ಯಜಮಾನ್ರ ಹತ್ರ ನೀವೇ ಕೇಳಿ.

ಬ್ಯಾರೆಲೇ ಬೇಕು ಅಂತ ಅವರು ಹಟ ಹಿಡಿದ್ರೆ, ಪೈಪ್ ಇಟ್ಟು ಬಾಯಲ್ಲಿ ಎಳೆದು ಡೀಸೆಲ್ ತೆಗೆಯುವ ಅಭ್ಯಾಸ ಮಾತ್ರ ಬೇಡ. ಹೊಟ್ಟೆಗೆ ಹೋದದ್ದಕ್ಕಿಂತ ಕೆಮ್ಮು ಬಂದು ಶ್ವಾಸಕೋಶಕ್ಕೆ ಹೋದದ್ದು ಆಸ್ಪತ್ರೆಯಲ್ಲಿ ಮಲಗಿಸ್ತದೆ. ಬ್ಯಾರೆಲಿಗೆ ಹಾಕುವ ಕೈಪಂಪು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗ್ತದೆ, ಬ್ಯಾರೆಲಿನ ಜೊತೆಗೇ ತರಿಸಿ.